ಮಾರಿದ ಗಾಡಿ ಮನೆಯಂಗಳದಲ್ಲೇ ಉಳಿದಾಗ

ಹಳೆಯ ಕಾರನ್ನೋ ಬೈಕನ್ನೋ ಬ್ರೋಕರ್ ನೆರವಿಲ್ಲದೆ ಒಬ್ಬರು ಇನ್ನೊಬ್ಬರಿಗೆ ನೇರವಾಗಿ ಮಾರುವಾಗ ಹಣ, ಗಾಡಿ ಮತ್ತು ಆರ್‌ಸಿಯಲ್ಲಿರುವ ಹೆಸರು ಈ ಮೂರೂ ಒಂದೇ ದಿನ ಕೈ ಬದಲಾಯಿಸುವುದು ಅಪರೂಪ. ಹಣ ಕೆಲವೊಮ್ಮೆ ಮುಂಗಡವಾಗಿ, ಕೆಲವೊಮ್ಮೆ ಪೂರ್ತಿಯಾಗಿ ಮೊದಲೇ ಬಂದಿರುತ್ತದೆ; ಹೆಸರು ವರ್ಗಾವಣೆಯ ಕೆಲಸ ಆರ್‌ಟಿಒ ಕಚೇರಿಯಲ್ಲಿ ತನ್ನದೇ ವೇಗದಲ್ಲಿ ನಡೆಯುತ್ತದೆ; ಈ ನಡುವೆ ಕೊಂಡವರು ಒಂದು ದಿನ ಬಂದು ಗಾಡಿ ತೆಗೆದುಕೊಂಡು ಹೋಗಬೇಕು. ಆ ದಿನ ಮುಂದಕ್ಕೆ ಹೋಗುತ್ತಲೇ ಇದ್ದರೆ, ಮಾರಿದವರ ಅಂಗಳದಲ್ಲಿ ನಿಂತಿರುವ ಗಾಡಿ ಯಾರದು, ಅದಕ್ಕೆ ಏನಾದರೂ ಆದರೆ ನಷ್ಟ ಯಾರದು, ಅದನ್ನು ಬೇರೆಯವರಿಗೆ ಮಾರಬಹುದೇ ಎಂಬ ಪ್ರಶ್ನೆಗಳು ಏಳುತ್ತವೆ. ಸಾಮಾನ್ಯವಾಗಿ ಜನರು ಊಹಿಸುವುದಕ್ಕಿಂತ ಸ್ಪಷ್ಟವಾದ ಉತ್ತರಗಳು ಇವಕ್ಕೆ 1930ರಿಂದಲೂ ಭಾರತದ ಕಾನೂನಿನಲ್ಲಿವೆ. ಆದರೆ ಅವುಗಳ ಪೂರ್ಣ ಪ್ರಯೋಜನ ದೊರೆಯಬೇಕಾದರೆ ಮಾರಿದವರು ದಾಕ್ಷಿಣ್ಯ ಬಿಟ್ಟು ಒಂದು ಪತ್ರ ಬರೆಯಲೇಬೇಕಾಗುತ್ತದೆ.

ಕೊಂಡವರು ತಡಮಾಡುವುದಕ್ಕೆ ಕಾರಣಗಳು ಹಲವು. ಬ್ಯಾಂಕಿನ ಸಾಲ ಮಂಜೂರಾಗಿರುವುದಿಲ್ಲ, ಬೇರೆ ಜಿಲ್ಲೆಯಿಂದ ಬರಬೇಕಾದವರಿಗೆ ರಜೆ ಸಿಕ್ಕಿರುವುದಿಲ್ಲ, ನಗರದ ಬಾಡಿಗೆ ಮನೆಯಲ್ಲಿ ನಿಲ್ಲಿಸಲು ಜಾಗ ಇರುವುದಿಲ್ಲ. ಕರ್ನಾಟಕದಲ್ಲಿ ಇವುಗಳ ಜೊತೆಗೆ ಆಷಾಢವೂ ಸೇರುತ್ತದೆ. ಜ್ಯೇಷ್ಠದಲ್ಲಿ ಮಾತುಕತೆ ಮುಗಿಸಿ ಹಣ ಕೊಟ್ಟವರು, ಶ್ರಾವಣ ಬರಲಿ, ಒಳ್ಳೆಯ ದಿನ ನೋಡಿ ಗಾಡಿ ಮನೆಗೆ ತರುತ್ತೇವೆ ಎನ್ನುವುದು ಹಳೆಯ ರೂಢಿ, ಮತ್ತು ಆ ನಂಬಿಕೆಗೆ ಗೌರವ ಕೊಟ್ಟು ಒಂದು ತಿಂಗಳು ಕಾಯುವುದರಲ್ಲಿ ತಪ್ಪೇನಿಲ್ಲ. ತೊಡಕಾಗುವುದು ಬೇರೆ ಕಡೆ: ಮನಸ್ಸು ಬದಲಾದವರೂ, ಇನ್ನೂ ಕಡಿಮೆ ಬೆಲೆಯ ಗಾಡಿ ಹುಡುಕುತ್ತಿರುವವರೂ ಇವೇ ಕಾರಣಗಳನ್ನು ಹೇಳುತ್ತಾರೆ, ಫೋನಿನಲ್ಲಿ ಇಬ್ಬರ ಮಾತೂ ಒಂದೇ ರೀತಿ ಕೇಳಿಸುತ್ತದೆ. ಆದ್ದರಿಂದ ಎದುರಿನವರ ಮನಸ್ಸಿನಲ್ಲೇನಿದೆ ಎಂದು ಅಳೆಯಲು ಹೋಗುವುದಕ್ಕಿಂತ, ಕಾರಣ ಯಾವುದೇ ಇರಲಿ, ದಿನಾಂಕವೊಂದನ್ನು ಕಾಗದದ ಮೇಲೆ ತರುವುದು ಇಬ್ಬರಿಗೂ ಕ್ಷೇಮ.

ಗಾಡಿ ಚರ ಆಸ್ತಿಯಾದ ಕಾರಣ ಅದರ ಮಾರಾಟಕ್ಕೆ 1930ರ ಸರಕು ಮಾರಾಟ ಅಧಿನಿಯಮ ಅನ್ವಯಿಸುತ್ತದೆ. ಅದರ 20ನೇ ಕಲಮಿನ ಪ್ರಕಾರ, ಗೊತ್ತುಪಡಿಸಿದ ಒಂದು ವಸ್ತುವನ್ನು, ಒಪ್ಪಿಸಲು ಸಿದ್ಧವಾಗಿರುವ ಸ್ಥಿತಿಯಲ್ಲಿ, ಷರತ್ತಿಲ್ಲದೆ ಮಾರಿದಾಗ ಒಪ್ಪಂದವಾದ ಕ್ಷಣದಲ್ಲೇ ಅದರ ಒಡೆತನ ಕೊಂಡವರಿಗೆ ಸೇರುತ್ತದೆ; ಹಣ ಕೊಡುವ ದಿನ ಅಥವಾ ವಸ್ತುವನ್ನು ಒಯ್ಯುವ ದಿನ ಮುಂದಕ್ಕೆ ಹೋಗಿದ್ದರೂ ಇದು ಬದಲಾಗುವುದಿಲ್ಲ. ಮಾರುವವರು ಟೈರ್ ಬದಲಿಸಿಯೋ ಎಂಜಿನ್ ರಿಪೇರಿ ಮಾಡಿಸಿಯೋ ಕೊಡುತ್ತೇನೆಂದು ಒಪ್ಪಿಕೊಂಡಿದ್ದರೆ ಮಾತ್ರ, ಆ ಕೆಲಸ ಮುಗಿದು ಕೊಂಡವರಿಗೆ ಅದು ತಿಳಿಯುವವರೆಗೆ ಒಡೆತನ ವರ್ಗವಾಗುವುದಿಲ್ಲ ಎಂದು 21ನೇ ಕಲಂ ಹೇಳುತ್ತದೆ. ಇಬ್ಬರೂ ಬೇರೆ ರೀತಿ ಒಪ್ಪಿಕೊಳ್ಳಲೂ ಅವಕಾಶವಿದೆ. ಪೂರ್ತಿ ಹಣ ಬಂದ ಮೇಲೆಯೇ ಒಡೆತನ ಎಂದು ಬರೆದುಕೊಂಡರೆ ಅದೇ ನಡೆಯುತ್ತದೆ. ಹೀಗೆ ಏನನ್ನೂ ಬರೆದುಕೊಳ್ಳದೆ ಪೂರ್ತಿ ಹಣ ಪಡೆದವರ ಅಂಗಳದಲ್ಲಿ ನಿಂತಿರುವ ಗಾಡಿ, ಕಾನೂನಿನ ಕಣ್ಣಿನಲ್ಲಿ ಬಹುಮಟ್ಟಿಗೆ ಬೇರೆಯವರ ಗಾಡಿ.

ಒಡೆತನದ ಹಿಂದೆಯೇ ನಷ್ಟದ ಹೊಣೆಯೂ ಹೋಗುತ್ತದೆ ಎಂಬುದು 26ನೇ ಕಲಮಿನ ಸಾಮಾನ್ಯ ನಿಯಮ. ಅದೇ ಕಲಂ ಇನ್ನೊಂದು ಮಾತನ್ನೂ ಸೇರಿಸುತ್ತದೆ: ಯಾರ ತಪ್ಪಿನಿಂದ ಒಪ್ಪಿಸುವುದು ತಡವಾಯಿತೋ, ಆ ತಡವಿಲ್ಲದಿದ್ದರೆ ಆಗದೇ ಇರಬಹುದಾಗಿದ್ದ ನಷ್ಟವನ್ನು ಅವರೇ ಹೊರಬೇಕು. ಜೂನ್ ಮೊದಲ ವಾರದಲ್ಲಿ ಒಯ್ಯುತ್ತೇನೆಂದು ಒಪ್ಪಿ ಬರದೇ ಉಳಿದವರ ಕಾರಿನ ಮೇಲೆ ಜುಲೈ ತಿಂಗಳ ಗಾಳಿಮಳೆಗೆ ಮರದ ಕೊಂಬೆ ಬಿದ್ದರೆ, ಮೇಲ್ನೋಟಕ್ಕೆ ನಷ್ಟ ಕೊಂಡವರದೇ. ಹಾಗೆಂದು ಮಾರಿದವರು ಪೂರ್ತಿ ಕೈತೊಳೆದುಕೊಳ್ಳುವಂತಿಲ್ಲ. ಬೇರೆಯವರ ವಸ್ತುವನ್ನು ಇಟ್ಟುಕೊಂಡಿರುವವರು ವಿವೇಕವಂತರು ತಮ್ಮದೇ ವಸ್ತುವನ್ನು ನೋಡಿಕೊಳ್ಳುವಷ್ಟು ಎಚ್ಚರಿಕೆಯಿಂದ ಅದನ್ನು ನೋಡಿಕೊಳ್ಳಬೇಕು ಎಂದು 1872ರ ಕರಾರು ಅಧಿನಿಯಮದ 151ನೇ ಕಲಂ ವಿಧಿಸುತ್ತದೆ. ಕಿಟಕಿ ತೆರೆದಿಟ್ಟು ಮಳೆನೀರು ಒಳಗೆ ಹೋದರೆ, ಬೀಗ ಹಾಕದೆ ರಸ್ತೆಗೆ ತಳ್ಳಿ ನಿಲ್ಲಿಸಿದ್ದು ಕಳುವಾದರೆ, ಕೊಂಡವರ ತಡವನ್ನು ನೆಪವಾಗಿ ಹೇಳಲಾಗದು.

ಮಾರಿದವರಿಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಸರಕು ಮಾರಾಟ ಅಧಿನಿಯಮದ 44ನೇ ಕಲಂ. ಮಾರಿದವರು ವಸ್ತುವನ್ನು ಒಪ್ಪಿಸಲು ಸಿದ್ಧರಿದ್ದು, ಬಂದು ಒಯ್ಯಿರಿ ಎಂದು ಕೇಳಿಕೊಂಡ ಮೇಲೂ ಕೊಂಡವರು ನ್ಯಾಯೋಚಿತ ಅವಧಿಯೊಳಗೆ ಒಯ್ಯದಿದ್ದರೆ, ಅದರಿಂದಾದ ನಷ್ಟವನ್ನೂ, ವಸ್ತುವನ್ನು ಕಾದು ನೋಡಿಕೊಂಡದ್ದಕ್ಕೆ ತಕ್ಕ ವೆಚ್ಚವನ್ನೂ ಕೊಡಬೇಕು ಎಂದು ಅದು ಹೇಳುತ್ತದೆ. ಇಲ್ಲಿ ಎಲ್ಲವೂ ನಿಂತಿರುವುದು ಆ ಕೇಳಿಕೆಯ ಮೇಲೆ. ಹತ್ತು ಸಲ ಫೋನ್ ಮಾಡಿ ಬೇಸರ ಹೇಳಿಕೊಂಡದ್ದು ಕೇಳಿಕೆಯೇ ಆದರೂ ಅದನ್ನು ಸಾಬೀತುಪಡಿಸುವುದು ಕಷ್ಟ. ದಿನಾಂಕವಿರುವ ಒಂದೇ ಬರಹ ಆ ಹತ್ತು ಕರೆಗಳಿಗಿಂತ ಗಟ್ಟಿ. ನ್ಯಾಯೋಚಿತ ಅವಧಿ ಎಂದರೆ ಎಷ್ಟು ದಿನ ಎಂದು ಕಾನೂನು ಎಣಿಸಿ ಹೇಳುವುದಿಲ್ಲ, ಅದು ಆಯಾ ಪ್ರಕರಣದ ಸಂಗತಿಗಳನ್ನು ನೋಡಿ ತೀರ್ಮಾನಿಸಬೇಕಾದ ವಿಷಯ ಎಂದು 63ನೇ ಕಲಂ ಬಿಡುತ್ತದೆ. ಪಕ್ಕದ ಬೀದಿಯವರಿಗೂ ಬೀದರ್‌ನಿಂದ ಮೈಸೂರಿಗೆ ಬರಬೇಕಾದವರಿಗೂ ಒಂದೇ ಅಳತೆ ಇರಲಾರದು.

ಆ ಬರಹ ಕಟುವಾಗಿರಬೇಕಿಲ್ಲ. ಗಾಡಿಯ ನೋಂದಣಿ ಸಂಖ್ಯೆ, ಒಪ್ಪಿದ ಬೆಲೆ, ಬಂದಿರುವ ಹಣ, ಗಾಡಿ ಸಿದ್ಧವಾಗಿ ನಿಂತಿದೆ ಎಂಬ ಮಾತು, ಇಂಥ ದಿನದೊಳಗೆ ಹಗಲು ಹೊತ್ತಿನಲ್ಲಿ ಬಂದು ತೆಗೆದುಕೊಂಡು ಹೋಗಬೇಕೆಂಬ ವಿನಂತಿ, ಆ ದಿನ ದಾಟಿದರೆ ನಿಲುಗಡೆ ಮತ್ತು ನಿರ್ವಹಣೆಗೆ ದಿನಕ್ಕೆ ಇಷ್ಟು ವೆಚ್ಚ ಕೊಡಬೇಕಾಗುತ್ತದೆ ಎಂಬ ತಿಳಿವಳಿಕೆ ಇಷ್ಟಿದ್ದರೆ ಸಾಕು. ವೆಚ್ಚದ ಮೊತ್ತ ಸಿಟ್ಟಿನಿಂದ ಹೊಳೆದ ಸಂಖ್ಯೆಯಾಗದೆ, ಹತ್ತಿರದ ಪಾವತಿ ಪಾರ್ಕಿಂಗ್ ಜಾಗದ ದರವನ್ನು ಆಧರಿಸಿದ್ದರೆ ನ್ಯಾಯಾಲಯದ ಮುಂದೆಯೂ ನಿಲ್ಲುತ್ತದೆ. ಮೊದಲ ಪತ್ರ ವಾಟ್ಸ್‌ಆ್ಯಪ್‌ನಲ್ಲೇ ಹೋಗಬಹುದು, ಏಕೆಂದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಪ್ರಕಾರ ನಿಗದಿತ ಪ್ರಮಾಣಪತ್ರದೊಂದಿಗೆ ಹಾಜರುಪಡಿಸಿದ ಎಲೆಕ್ಟ್ರಾನಿಕ್ ದಾಖಲೆಯನ್ನು ಸಾಕ್ಷ್ಯವಾಗಿ ಸ್ವೀಕರಿಸಬಹುದು. ಅದಕ್ಕೆ ಉತ್ತರ ಬಾರದಿದ್ದರೆ ಎರಡನೆಯದನ್ನು ತಲುಪಿದ್ದಕ್ಕೆ ದಾಖಲೆ ಸಿಗುವಂತೆ ಅಂಚೆಯಲ್ಲಿ ಕಳುಹಿಸುವುದು ಒಳ್ಳೆಯದು. ಪರಿಚಯದವರು, ಊರಿನವರು, ಸಹೋದ್ಯೋಗಿಯ ತಮ್ಮ ಎಂಬ ಕಾರಣಕ್ಕೆ ಇದನ್ನು ಬರೆಯದೇ ಉಳಿದವರೇ ಕೊನೆಗೆ ಆ ಪರಿಚಯವನ್ನೂ ಕಳೆದುಕೊಳ್ಳುತ್ತಾರೆ ಎಂಬುದು ದುಃಖದ ಸಂಗತಿ.

ಪೂರ್ತಿ ಹಣ ಬಂದಿರುವಾಗ ನಡೆಯುವ ಒಂದು ಸಾಮಾನ್ಯ ತಪ್ಪನ್ನು ಇಲ್ಲಿ ಹೇಳಲೇಬೇಕು. ಕೊಂಡವರು ಎರಡು ತಿಂಗಳ ನಂತರ ಬಂದು ನಿಂತಾಗ, ಪಾರ್ಕಿಂಗ್ ವೆಚ್ಚ ಕೊಟ್ಟರೆ ಮಾತ್ರ ಕೀಲಿ ಎಂದು ಗಾಡಿಯನ್ನು ತಡೆಹಿಡಿಯುವುದು ಸಹಜವೆನಿಸಿದರೂ ಕಾನೂನಿನ ಬೆಂಬಲ ಅದಕ್ಕಿಲ್ಲ. ಹಣ ಬಾರದಿದ್ದಾಗ ವಸ್ತುವನ್ನು ಕೊಡದೆ ತಮ್ಮಲ್ಲೇ ಇಟ್ಟುಕೊಳ್ಳುವ ಹಕ್ಕನ್ನು ಧಾರಣಾಧಿಕಾರ ಎನ್ನುತ್ತಾರೆ. ಆ ಹಕ್ಕು ಇರುವುದು ಬೆಲೆಯ ಬಾಕಿಗೆ ಮಾತ್ರ, ಕಾದು ನೋಡಿಕೊಂಡ ವೆಚ್ಚಕ್ಕಲ್ಲ. ವೆಚ್ಚವನ್ನು ಕೇಳಿ ಪಡೆಯಬೇಕು, ಕೊಡದಿದ್ದರೆ ದಾವೆ ಹೂಡಿ ಪಡೆಯಬೇಕು.

ಮುಂಗಡ ಮಾತ್ರ ಬಂದಿರುವ ಸಂದರ್ಭ ಬೇರೆಯದೇ. ಬೆಲೆಯ ಒಂದು ರೂಪಾಯಿ ಬಾಕಿ ಇದ್ದರೂ ಮಾರಿದವರು ಹಣ ಸಲ್ಲದ ಮಾರಾಟಗಾರ ಎಂಬ ವರ್ಗಕ್ಕೆ ಸೇರುತ್ತಾರೆ, ಸಾಲದ ಮೇಲೆ ಮಾರಿಲ್ಲದಿದ್ದರೆ ಗಾಡಿಯನ್ನು ತಡೆಹಿಡಿಯುವ ಹಕ್ಕು ಅವರಿಗಿದೆ. ಅವರು ಅದನ್ನು ಬೇರೆಯವರಿಗೆ ಮಾರಲೂಬಹುದು, ಆದರೆ ದಾರಿ ಇರುವುದು ಸರಕು ಮಾರಾಟ ಅಧಿನಿಯಮದ 54ನೇ ಕಲಮಿನ ಮೂಲಕ: ಮತ್ತೆ ಮಾರುವ ಉದ್ದೇಶವನ್ನು ಕೊಂಡವರಿಗೆ ನೋಟಿಸಿನಲ್ಲಿ ತಿಳಿಸಬೇಕು, ಹಣ ಕೊಡಲು ನ್ಯಾಯೋಚಿತ ಕಾಲ ಕೊಡಬೇಕು, ಆಗಲೂ ಬಾರದಿದ್ದರೆ ಹೆಚ್ಚು ತಡಮಾಡದೆ ಮಾರಬೇಕು. ಹೀಗೆ ಮಾಡಿದರೆ ಎರಡನೇ ಮಾರಾಟದಲ್ಲಿ ಕಡಿಮೆ ಬಂದ ಹಣವನ್ನು ಮೊದಲಿನವರಿಂದ ಕೇಳಬಹುದು, ಹೆಚ್ಚು ಬಂದರೆ ಅದು ಮಾರಿದವರದೇ. ನೋಟಿಸ್ ಕೊಡದೆ ಮಾರಿದರೆ ಈ ಲೆಕ್ಕ ತಿರುವುಮುರುವಾಗಿ, ನಷ್ಟ ಕೇಳುವ ಹಕ್ಕು ಹೋಗುತ್ತದೆ, ಲಾಭವನ್ನು ಮಾತ್ರ ಮೊದಲಿನವರಿಗೆ ಒಪ್ಪಿಸಬೇಕಾಗುತ್ತದೆ. ಪೂರ್ತಿ ಹಣ ಪಡೆದ ಮೇಲೆ ಹೀಗೆ ಇನ್ನೊಬ್ಬರಿಗೆ ಮಾರುವುದಕ್ಕೆ ಈ ಕಲಮಿನ ಆಸರೆಯೇ ಇಲ್ಲ, ಅದು ಪೊಲೀಸ್ ದೂರಿಗೂ ಎಡೆಮಾಡಿಕೊಟ್ಟೀತು.

ಮುಂಗಡವನ್ನು ಉಳಿಸಿಕೊಳ್ಳಬಹುದೇ ಎಂಬುದಕ್ಕೆ ಒಂದೇ ಮಾತಿನ ಉತ್ತರವಿಲ್ಲ. ಒಪ್ಪಂದ ಪಾಲಿಸುತ್ತೇನೆ ಎಂಬುದಕ್ಕೆ ಖಾತರಿಯಾಗಿ ಕೊಡುವ ಸಣ್ಣ ಮೊತ್ತ, ಅಂದರೆ ಸಂಚಕಾರದ ಹಣ, ಕೊಂಡವರು ತಪ್ಪಿದರೆ ಮುಟ್ಟುಗೋಲಾಗಬಹುದು ಎಂಬುದು ನ್ಯಾಯಾಲಯಗಳು ಒಪ್ಪಿರುವ ತತ್ತ್ವ. ಬೆಲೆಯ ಭಾಗವಾಗಿ ಕೊಟ್ಟ ದೊಡ್ಡ ಮೊತ್ತಕ್ಕೆ ಕರಾರು ಅಧಿನಿಯಮದ 74ನೇ ಕಲಮಿನ ನ್ಯಾಯೋಚಿತ ಪರಿಹಾರದ ಮಿತಿ ಬರುತ್ತದೆ. ನಾಲ್ಕು ಲಕ್ಷದ ಗಾಡಿಗೆ ಹತ್ತು ಸಾವಿರ ಟೋಕನ್ ಕೊಟ್ಟು, ಬಾರದಿದ್ದರೆ ಅದು ಹೋಯಿತು ಎಂದು ಬರೆದುಕೊಂಡಿದ್ದರೆ ವಿವಾದ ಏಳುವುದು ಕಷ್ಟ. ಅದೇ ಗಾಡಿಗೆ ಎರಡು ಲಕ್ಷ ಪಡೆದು, ನೀವು ಬರಲಿಲ್ಲ, ಹಣ ನಮ್ಮದು ಎಂದರೆ ಅದು ನ್ಯಾಯವೂ ಅಲ್ಲ, ನಿಲ್ಲುವುದೂ ಇಲ್ಲ.

ಇಷ್ಟು ಸರಕು ಮಾರಾಟದ ಮಾತಾಯಿತು. ಮೋಟಾರು ವಾಹನಕ್ಕೆ ಎರಡನೆಯ ಕಾನೂನೊಂದಿದೆ, ಅದು ಮಾರಿದವರನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ. 1988ರ ಮೋಟಾರು ವಾಹನ ಅಧಿನಿಯಮದ 50ನೇ ಕಲಮಿನ ಪ್ರಕಾರ, ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ಒಡೆತನದ ವರ್ಗಾವಣೆಯನ್ನು ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು. ಮಾರಿದವರ ವರದಿಗೆ ಫಾರಂ 29, ಕೊಂಡವರ ಅರ್ಜಿಗೆ ಫಾರಂ 30 ಇವೆ. 2018ರ ಫೆಬ್ರವರಿಯಲ್ಲಿ ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಹೆಸರು ಬದಲಾಗದೆ ಕೈಯಿಂದ ಕೈಗೆ ಹೋಗಿದ್ದ ಕಾರೊಂದರ ಅಪಘಾತಕ್ಕೆ ಸಂಬಂಧಿಸಿ, ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಸಂತ್ರಸ್ತರಿಗೆ ಪರಿಹಾರ ಕೊಡುವ ಹೊಣೆಗಾರರು ಎಂದು ತೀರ್ಪಿತ್ತಿತು. ಆದ್ದರಿಂದ ತಡಮಾಡಿದವರು ಕೊನೆಗೊಂದು ಸಂಜೆ ಅವಸರದಲ್ಲಿ ಬಂದಾಗ, ಹೇಗೋ ಗಾಡಿ ಹೋದರೆ ಸಾಕು ಎಂದು ಖಾಲಿ ಫಾರಂಗಳಿಗೆ ಸಹಿ ಹಾಕಿ ಕೀಲಿ ಕೊಡುವುದು ಕಾದ ಬೇಸರಕ್ಕಿಂತ ದೊಡ್ಡ ಕಷ್ಟವನ್ನು ತಂದೀತು.

ವಿಮೆಯಲ್ಲೂ ಇಂಥದೇ ಸಂದಿಯೊಂದಿದೆ. ಗಾಡಿಯ ಒಡೆತನ ಬದಲಾದಾಗ ಮೂರನೆಯವರಿಗಾಗುವ ಹಾನಿಯ ವಿಮೆ ಕೊಂಡವರಿಗೆ ತಾನಾಗಿಯೇ ಸಲ್ಲುತ್ತದೆ, ಅವರು 14 ದಿನಗಳೊಳಗೆ ಕಂಪನಿಗೆ ಅರ್ಜಿ ಕೊಡಬೇಕು ಎಂಬುದು ಮೋಟಾರು ವಾಹನ ಅಧಿನಿಯಮದ 157ನೇ ಕಲಮಿನ ನಿಯಮ. ಗಾಡಿಗೇ ಆಗುವ ಹಾನಿ ಮತ್ತು ಕಳ್ಳತನದ ವಿಮೆ ಹೀಗೆ ತಾನಾಗಿ ವರ್ಗವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1990ರ ದಶಕದಲ್ಲೇ ಹೇಳಿದೆ. ಹಣ ಪೂರ್ತಿ ಕೊಟ್ಟು ಗಾಡಿಯನ್ನು ಬಿಟ್ಟುಹೋದವರು ಇದನ್ನು ತಿಳಿಯದಿದ್ದರೆ, ಅಂಗಳದಲ್ಲಿ ನಿಂತ ಗಾಡಿ ಕಳುವಾದ ದಿನ ಮಾರಿದವರ ಪಾಲಿಸಿ ಅವರ ನೆರವಿಗೆ ಬಾರದೆ ಹೋಗಬಹುದು. ಇದನ್ನು ಕೊಂಡವರಿಗೆ ಬಿಡಿಸಿ ಹೇಳಿದರೆ ಅನೇಕ ತಿಂಗಳ ತಡ ಒಂದೇ ವಾರದಲ್ಲಿ ಮುಗಿಯುವ ಸಂಭವವೂ ಇದೆ. ಪೂರ್ತಿ ಹಣ ಬಂದಿದ್ದು ದಿನ ಮಾತ್ರ ಬಾಕಿ ಇರುವಾಗ, ಕಾಯುವ ಕಾಲದಲ್ಲೇ ಹೆಸರು ವರ್ಗಾವಣೆಯ ಅರ್ಜಿ ಮತ್ತು ವಿಮೆಯ ಬದಲಾವಣೆಯನ್ನು ಮುಗಿಸಿಕೊಳ್ಳುವುದು ಅತ್ಯುತ್ತಮ. ಆಗ ಆಷಾಢದ ತಿಂಗಳೂ ವ್ಯರ್ಥವಾಗುವುದಿಲ್ಲ, ಗಾಡಿ ಗೇಟು ದಾಟುವಾಗ ಅದು ದಾಖಲೆಯಲ್ಲೂ ಹೊಸಬರದೇ ಆಗಿರುತ್ತದೆ.

ನಿಂತ ಗಾಡಿಯನ್ನು ನೋಡಿಕೊಳ್ಳುವ ಕೆಲಸ ದೊಡ್ಡದಲ್ಲ. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಡುವುದು, ಟೈರಿನ ಗಾಳಿ ನೋಡುವುದು, ಇಲಿಗಳು ವೈರ್ ಕಡಿಯದಂತೆ ಬಾನೆಟ್ ತೆರೆದು ಪರೀಕ್ಷಿಸುವುದು, ಓಡೋಮೀಟರಿನ ಅಂಕಿಯ ಫೋಟೋ ತೆಗೆದು ಕೊಂಡವರಿಗೆ ಕಳುಹಿಸುವುದು ಇಷ್ಟೇ. ಅದನ್ನು ಸಂತೆಗೋ ಮದುವೆಗೋ ಓಡಿಸಿಕೊಂಡು ಹೋಗುವುದು ಮಾತ್ರ ಸಲ್ಲದು.

ಮಾತು ಮುರಿದರೆ ಗ್ರಾಹಕ ಆಯೋಗಕ್ಕೆ ಹೋಗುವಂತಿಲ್ಲ, ಏಕೆಂದರೆ ಇಲ್ಲಿ ದೂರುವವರು ಗ್ರಾಹಕರಲ್ಲ. ಉಳಿಯುವುದು ಸಿವಿಲ್ ನ್ಯಾಯಾಲಯ, ಅಲ್ಲಿಗೆ ಸಾಮಾನ್ಯವಾಗಿ ಮೂರು ವರ್ಷಗಳ ಕಾಲಮಿತಿಯಿದೆ. ಅದಕ್ಕೂ ಮುಂಚೆ ಜಿಲ್ಲಾ ಅಥವಾ ತಾಲ್ಲೂಕು ಕಾನೂನು ಸೇವೆಗಳ ಸಂಸ್ಥೆಗೆ ಅರ್ಜಿ ಕೊಟ್ಟರೆ, ದಾವೆ ಹೂಡುವ ಮೊದಲೇ ಲೋಕ ಅದಾಲತ್‌ನಲ್ಲಿ ರಾಜಿಗೆ ಅವಕಾಶವಿದೆ, ಅಲ್ಲಿ ಆದ ರಾಜಿಗೆ ಡಿಕ್ರಿಯ ಬಲವಿದೆ; ಪಾರ್ಕಿಂಗ್ ವೆಚ್ಚದಂಥ ಕೆಲವು ಸಾವಿರಗಳ ವಿವಾದಕ್ಕೆ ಇದಕ್ಕಿಂತ ಹೊಂದುವ ಜಾಗ ಇನ್ನೊಂದಿಲ್ಲ.

ಕೊಂಡವರು ಬಂದ ದಿನ ಡೆಲಿವರಿ ನೋಟ್‌ನಲ್ಲಿ ದಿನಾಂಕದ ಜೊತೆಗೆ ಗಂಟೆ, ನಿಮಿಷ, ಓಡೋಮೀಟರ್ ಅಂಕಿ, ಕೊಟ್ಟ ಕೀಲಿಗಳ ಸಂಖ್ಯೆ, ಆ ಹೊತ್ತಿನವರೆಗಿನ ಟ್ರಾಫಿಕ್ ದಂಡ ಯಾರದು, ನಂತರದ್ದು ಯಾರದು ಎಂಬುದನ್ನು ಬರೆದು ಇಬ್ಬರೂ ಸಹಿ ಹಾಕಬೇಕು. ಮಾರಿದವರ ಖಾತೆಗೆ ಜೋಡಣೆಯಾಗಿರುವ ಫಾಸ್ಟ್ಯಾಗ್ ಅನ್ನು ಅದೇ ದಿನ ಮುಚ್ಚಿಸಬೇಕು, ಇಲ್ಲವಾದರೆ ಮುಂದಿನ ಟೋಲ್ ಅವರ ಹಣದಿಂದಲೇ ಹೋಗುತ್ತದೆ. ವರ್ಗಾವಣೆ ಇನ್ನೂ ಆಗಿಲ್ಲದಿದ್ದರೆ ಫಾರಂ 29ರ ಸ್ವೀಕೃತಿಯನ್ನು ಜೋಪಾನವಾಗಿಟ್ಟುಕೊಂಡು, ಪರಿವಾಹನ್ ಜಾಲತಾಣದಲ್ಲಿ ಹೊಸ ಹೆಸರು ಕಾಣುವವರೆಗೆ ಆಗಾಗ ನೋಡುತ್ತಿರಬೇಕು.