ಸ್ಕೋರ್ ಪಟ್ಟಿಯೂ ಕತೆಯೂ
ಹಳೆಯ ಆಟಗಾರರು ವೇದಿಕೆಯಲ್ಲಿ ಕುಳಿತು ಭಾರತ–ಪಾಕಿಸ್ತಾನ ಪಂದ್ಯಗಳ ನೆನಪು ಬಿಚ್ಚಿಡುವ ನೇರ ಪ್ರಸಾರವನ್ನು ನೋಡುವಾಗ ನೀವು ಒಂದು ಕೆಲಸ ಮಾಡಿ. ಆ ಪಂದ್ಯದ ಸ್ಕೋರ್ ಪಟ್ಟಿಯನ್ನು ಕೈಯಲ್ಲಿಟ್ಟುಕೊಳ್ಳಿ. ಎರಡೂ ಒಂದನ್ನೊಂದು ಹೇಗೆ ತಿದ್ದುತ್ತವೆ ಎಂಬುದು ಆಗ ತಿಳಿಯುತ್ತದೆ.

1996ರ ಮಾರ್ಚ್ 9ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದ ವಿಶ್ವಕಪ್ ಕ್ವಾರ್ಟರ್ ಫೈನಲ್ ನಿಮಗೆ ನೆನಪಿರಬಹುದು. ಬೌಂಡರಿ ಬಾರಿಸಿದ ಆಮಿರ್ ಸೊಹೈಲ್ ಬ್ಯಾಟು ತೋರಿಸಿ ಕೆಣಕಿದರು. ಮರುಚೆಂಡಿನಲ್ಲೇ ನಮ್ಮ ವೆಂಕಟೇಶ್ ಪ್ರಸಾದ್ ಅವರ ಸ್ಟಂಪ್ ಉರುಳಿಸಿದರು. ಕತೆ ಕೇಳಿದವರಿಗೆ ಪಂದ್ಯ ಗೆದ್ದದ್ದು ಆ ಒಂದೇ ಚೆಂಡಿನಿಂದ ಎನಿಸುತ್ತದೆ. ಪಟ್ಟಿ ನೋಡಿ: ನವಜೋತ್ ಸಿಂಗ್ ಸಿಧು 93 ರನ್ ಗಳಿಸಿದ್ದಾರೆ, ಅಜಯ್ ಜಡೇಜ 25 ಚೆಂಡುಗಳಲ್ಲಿ 45 ಹೊಡೆದಿದ್ದಾರೆ, ಅನಿಲ್ ಕುಂಬ್ಳೆ ಕೂಡ ಪ್ರಸಾದ್ ಅವರಂತೆಯೇ ಮೂರು ವಿಕೆಟ್ ಪಡೆದಿದ್ದಾರೆ. ಗೆಲುವಿನ ಅಂತರ 39 ರನ್.

ಇನ್ನು ಕೆಲವೊಮ್ಮೆ ಪಟ್ಟಿಯೇ ಮೌನ. 1999ರ ಫೆಬ್ರುವರಿ 7ರಂದು ದೆಹಲಿಯಲ್ಲಿ ಕುಂಬ್ಳೆ 74 ರನ್ನಿಗೆ ಹತ್ತೂ ವಿಕೆಟ್ ಕಿತ್ತರು. ಒಂಬತ್ತು ವಿಕೆಟ್ ಬಿದ್ದ ಮೇಲೆ ಇನ್ನೊಂದು ತುದಿಯಿಂದ ಜಾವಗಲ್ ಶ್ರೀನಾಥ್ ಬೇಕೆಂದೇ ಸ್ಟಂಪಿನಿಂದ ದೂರ ಚೆಂಡೆಸೆದರು. ಕೊನೆಯ ವಿಕೆಟ್ ಗೆಳೆಯನಿಗೇ ಸಿಗಲೆಂಬುದು ಅವರ ಉದ್ದೇಶ. ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಇರುವುದು ಬರೀ ಸೊನ್ನೆ. ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತದೆ. ಎಸೆದವರ ಮನಸ್ಸನ್ನು ಅವರೇ ಬಾಯಿಬಿಟ್ಟು ಹೇಳಬೇಕು.

ಅದಕ್ಕೂ ಒಂದು ವಾರ ಮುಂಚೆ, ಜನವರಿ 31ರಂದು ಚೆನ್ನೈಯಲ್ಲಿ ಸಚಿನ್ ತೆಂಡೂಲ್ಕರ್ 136 ರನ್ ಹೊಡೆದರೂ ಭಾರತ 12 ರನ್ನುಗಳಿಂದ ಸೋತಿತ್ತು. ಗೆದ್ದ ಪಾಕಿಸ್ತಾನ ತಂಡ ಮೈದಾನ ಸುತ್ತಿ ಬಂದಾಗ ಚೆನ್ನೈನ ಪ್ರೇಕ್ಷಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅದಕ್ಕೆ ಪಟ್ಟಿಯಲ್ಲಿ ಕಾಲಂ ಇಲ್ಲ.

ಈ ಕತೆಗಳಿಗೆ ಇಂದು ಇಷ್ಟು ಬೆಲೆ ಏಕೆ? ಎರಡು ದೇಶಗಳು ಕೊನೆಯದಾಗಿ ಟೆಸ್ಟ್ ಆಡಿದ್ದು 2007ರ ಡಿಸೆಂಬರಿನಲ್ಲಿ, ಇದೇ ಬೆಂಗಳೂರಿನಲ್ಲಿ. ಆ ಬಳಿಕ ಹುಟ್ಟಿದ ಮಕ್ಕಳು ಭಾರತ–ಪಾಕಿಸ್ತಾನ ಟೆಸ್ಟನ್ನು ಮೈದಾನದಲ್ಲಿ ಕಂಡಿಲ್ಲ. ಕೇಳಿ ಮಾತ್ರ ಬಲ್ಲರು. ಬಾಯಿಂದ ಬಾಯಿಗೆ ಸಾಗುವಾಗ ಕೆಣಕಿದ್ದು ಉಳಿದು, ಚಪ್ಪಾಳೆ ಬಿಟ್ಟುಹೋಗುವ ಸಂಭವ ಹೆಚ್ಚು. ಆದ್ದರಿಂದ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಇಂಥ ಕಾರ್ಯಕ್ರಮ ನೋಡಿ. ಬೆಂಗಳೂರಿನ ಪ್ರಸಂಗ ಬಂದಾಗ ಚೆನ್ನೈನದನ್ನು ನೀವೇ ಹೇಳಿ.