ಮೂರು ಬೀಗದ ಪೆಟ್ಟಿಗೆ

ಇಂಗ್ಲೆಂಡಿನ ಹಳೆಯ ಹಳ್ಳಿ ಚರ್ಚುಗಳಲ್ಲಿ ಕಬ್ಬಿಣದ ಪಟ್ಟಿ ಬಿಗಿದ ಓಕ್ ಮರದ ಪೆಟ್ಟಿಗೆಯೊಂದು ಈಗಲೂ ಕಾಣಸಿಗುತ್ತದೆ. ಅದಕ್ಕೆ ಮೂರು ಬೀಗ. ಒಂದು ಕೀಲಿ ಪಾದ್ರಿಯ ಬಳಿ, ಉಳಿದೆರಡು ಚರ್ಚ್ ವಾರ್ಡನ್ನರಿಬ್ಬರ ಬಳಿ. ಮೂವರೂ ಕೂಡದೆ ಮುಚ್ಚಳ ತೆರೆಯುವಂತಿರಲಿಲ್ಲ. ಪ್ಯಾರಿಷ್ ಎಂಬ ಆ ಪುಟ್ಟ ಸೀಮೆಯ ಜನರ ಚರಿತ್ರೆ ಇದ್ದುದು ಇದರೊಳಗೆ.

1538ರಲ್ಲಿ ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್, ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ವಾರವಾರವೂ ಬರೆದಿಡಬೇಕೆಂದು ಆಜ್ಞೆ ಮಾಡಿದ. ಹೊಸ ತೆರಿಗೆಗೆ ಪೀಠಿಕೆ ಇದು ಎಂದು ಜನ ಗುಮಾನಿಪಟ್ಟರು. 1598ರಲ್ಲಿ ಕಾಗದದ ದಾಖಲೆಯನ್ನೆಲ್ಲ ಚರ್ಮದ ಹಾಳೆಗೆ ಇಳಿಸಿ, ವರ್ಷಕ್ಕೊಮ್ಮೆ ಬಿಷಪ್ಪನಿಗೂ ನಕಲು ಕಳಿಸಬೇಕೆಂಬ ಕಟ್ಟಳೆ ಬಂತು. ಮುಖ್ಯವಾಗಿ ಎಲಿಜಬೆತ್ ರಾಣಿ ಪಟ್ಟಕ್ಕೇರಿದ 1558ರಿಂದ ಬರೆದರಾಯಿತು ಎಂಬ ಸಡಿಲ ಮಾತೂ ಅದರಲ್ಲಿತ್ತು. ಅಷ್ಟೇ ಸಾಕಾಯಿತು: ಎಷ್ಟೋ ಊರುಗಳ ರಿಜಿಸ್ಟರು ಇಂದು ಶುರುವಾಗುವುದೇ 1558ರಿಂದ.

ಡರ್ಬಿಶೈರಿನ ಈಮ್ ಎಂಬ ಹಳ್ಳಿಯ ಕಥೆ ನಮಗೆ ಗೊತ್ತಿರುವುದರಲ್ಲಿ ಅಲ್ಲಿನ ರಿಜಿಸ್ಟರಿನ ಪಾಲು ದೊಡ್ಡದು. ಲಂಡನ್ನಿನಿಂದ ಬಂದ ಬಟ್ಟೆಯ ಜೊತೆ ಪ್ಲೇಗೂ ಬಂತೆನ್ನುತ್ತಾರೆ. 1665ರ ಸೆಪ್ಟೆಂಬರ್ 7ರಂದು ದರ್ಜಿಯ ಮನೆಯಲ್ಲಿದ್ದ ಜಾರ್ಜ್ ವಿಕರ್ಸ್ ಮಣ್ಣಾದ. ಪಾದ್ರಿ ವಿಲಿಯಂ ಮಾಂಪೆಸನ್‌ನ ಮಾತಿಗೆ ಒಪ್ಪಿ ಊರು ತನಗೆ ತಾನೇ ಗಡಿ ಹಾಕಿಕೊಂಡಿತು. ಮುಂದಿನ ಆಗಸ್ಟಿನಲ್ಲಿ ಹ್ಯಾನ್‌ಕಾಕ್ ಮನೆತನದ ತಾಯಿಯೊಬ್ಬಳು ಎಂಟು ದಿನಗಳಲ್ಲಿ ಗಂಡನನ್ನೂ ಆರು ಮಕ್ಕಳನ್ನೂ ಮಣ್ಣು ಮಾಡಿದಳು. ಪಾದ್ರಿಯ ಹೆಂಡತಿ ಕ್ಯಾಥರಿನ್ ತೀರಿಕೊಂಡದ್ದೂ ಅದೇ ತಿಂಗಳು. ಸತ್ತವರು ಸುಮಾರು 260 ಎಂಬುದು ವಾಡಿಕೆಯ ಲೆಕ್ಕ. ಊರಲ್ಲಿ ಇದ್ದವರೆಷ್ಟು ಎಂಬ ಬಗ್ಗೆ ಮಾತ್ರ ವಿದ್ವಾಂಸರ ಜಗಳ ಮುಗಿದಿಲ್ಲ; ರಿಜಿಸ್ಟರಿಗೆ ಬದುಕಿ ಉಳಿದವರ ಗೊಡವೆ ಇಲ್ಲವಲ್ಲ.

ಆ ಗೊಡವೆ ಇದ್ದದ್ದು ಬಡವರ ಖರ್ಚು ನೋಡಿಕೊಳ್ಳುವ ಮೇಲ್ವಿಚಾರಕನಿಗೆ. ನನ್ನನ್ನು ಕೇಳಿದರೆ ಪೆಟ್ಟಿಗೆಯ ನಿಜವಾದ ಐಶ್ವರ್ಯ ಅವನ ಕಾಗದಗಳೇ. ಊರಿನ ಬಡವರನ್ನು ಸಾಕುವ ಹೊರೆ ಊರಿನದೇ ಆದ್ದರಿಂದ ಪರವೂರಿನ ಬಡವ ಬಂದನೆಂದರೆ ಎದೆ ಧಸಕ್ಕೆನ್ನುತ್ತಿತ್ತು. 1662ರ ಕಾನೂನಿನಂತೆ, ವರ್ಷಕ್ಕೆ 10 ಪೌಂಡ್ ಬಾಡಿಗೆಯ ಮನೆಯನ್ನಾದರೂ ಹಿಡಿಯಲಾರದವನು ಬಂದ 40 ದಿನಗಳೊಳಗೆ ದೂರು ಹೋದರೆ, ಅವನನ್ನು ಹಿಂದಕ್ಕೆ ಅಟ್ಟಬಹುದಿತ್ತು. ಅಟ್ಟುವ ಮೊದಲು ವಿಚಾರಣೆ: ಎಲ್ಲಿ ಹುಟ್ಟಿದೆ, ಯಾರ ಬಳಿ ಕಸುಬು ಕಲಿತೆ, ಯಾರ ಮನೆಯಲ್ಲಿ ಪೂರ್ತಿ ಒಂದು ವರ್ಷ ಚಾಕರಿ ಮಾಡಿದೆ? ಮದುವೆಯಾಗದೆ ಬಸಿರಾದವಳಿಗೆ, ಮಗುವಿನ ತಂದೆ ಯಾರು? ಗುಮಾಸ್ತ ಬರೆದುಕೊಂಡ ಈ ಉತ್ತರಗಳಲ್ಲಿ ಅಕ್ಷರ ಬಾರದ ಕೂಲಿಯವನ ಇಡೀ ಆತ್ಮಕಥೆ ಸಿಗುತ್ತದೆ. ಸ್ವಂತ ಹೊಲದಲ್ಲಿ ನೆಮ್ಮದಿಯಾಗಿದ್ದ ರೈತನ ಬಗ್ಗೆ ಇದರ ಕಾಲು ಭಾಗವೂ ಸಿಗದು.

ಸರ್ಕಾರದ ಹಣದಾಸೆಯೂ ಪುಟಗಳಲ್ಲಿ ಗುರುತು ಬಿಟ್ಟಿದೆ. ಉಣ್ಣೆಯ ವ್ಯಾಪಾರ ಉಳಿಸಲು ಹೆಣಕ್ಕೂ ಉಣ್ಣೆಯನ್ನೇ ಹೊದಿಸಬೇಕೆಂಬ ಕಾನೂನಿತ್ತು. ತಪ್ಪಿದರೆ 5 ಪೌಂಡ್ ದಂಡ, ಅದರಲ್ಲಿ ಅರ್ಧ ದೂರು ಕೊಟ್ಟವನಿಗೆ. ನಾರುಮಡಿಯೇ ಬೇಕೆನ್ನುವ ಸಿರಿವಂತರು ತಮ್ಮವರಿಂದಲೇ ದೂರು ಕೊಡಿಸಿ ಅರ್ಧ ದಂಡ ಮನೆಯಲ್ಲೇ ಉಳಿಸಿಕೊಳ್ಳುತ್ತಿದ್ದರು! 1783ರಿಂದ 1794ರವರೆಗೆ ಪ್ರತಿ ನಮೂದಿಗೂ 3 ಪೆನ್ಸ್ ಸುಂಕವಿತ್ತು, ನಿರ್ಗತಿಕರಿಗೆ ಮಾಫಿ. ಆ ವರ್ಷಗಳಲ್ಲಿ ನಿರ್ಗತಿಕ ಎಂಬ ಗುರುತು ಕಂಡರೆ ಪೂರ್ತಿ ನಂಬಬೇಡಿ.

1837ರಲ್ಲಿ ಸರ್ಕಾರಿ ನೋಂದಣಿ ಬಂತು. ಹಳೆಯ ಪುಸ್ತಕಗಳಲ್ಲಿ ಹೆಚ್ಚಿನವು ಈಗ ಜಿಲ್ಲಾ ಪತ್ರಾಗಾರಗಳಲ್ಲಿವೆ. ಕೇಂಬ್ರಿಜ್‌ನ ರಿಗ್ಲಿ ಮತ್ತು ಸ್ಕೋಫೀಲ್ಡ್ 404 ಪ್ಯಾರಿಷ್‌ಗಳ ಲೆಕ್ಕ ಹಿಡಿದು ಇಂಗ್ಲೆಂಡಿನ ಜನಸಂಖ್ಯೆಯ ಚರಿತ್ರೆಯನ್ನೇ 1981ರಲ್ಲಿ ಹೊರತಂದರು. ವಂಶವೃಕ್ಷ ಹುಡುಕುವವರೂ ಅವೇ ಪುಟಗಳನ್ನು ತಡಕುತ್ತಾರೆ. ಅವರು ಎಡವುವ ಜಾಗವೊಂದಿದೆ: 1752ಕ್ಕೆ ಮೊದಲು ಅಲ್ಲಿ ಹೊಸ ವರ್ಷ ಹುಟ್ಟುತ್ತಿದ್ದುದು ಮಾರ್ಚ್ 25ಕ್ಕೆ. 1690ರ ಏಪ್ರಿಲಿನಲ್ಲಿ ಮದುವೆ, 1690ರ ಫೆಬ್ರವರಿಯಲ್ಲಿ ಮಗುವಿನ ದೀಕ್ಷಾಸ್ನಾನ ಎಂದಿದ್ದರೆ, ಮಗು ಹುಟ್ಟಿದ್ದು ಮದುವೆಯ ನಂತರವೇ. ಇದು ತಿಳಿಯದೆ ಮುತ್ತಜ್ಜಿಯ ಮೇಲೆ ಇಲ್ಲದ ಅಪವಾದ ಹೊರಿಸಿದವರುಂಟು.