ಲಿವರ್‌ನ ನೀರುಗುಳ್ಳೆ: ಕಂಡದ್ದೆಲ್ಲ ಕಾಯಿಲೆಯಲ್ಲ

ಪಿತ್ತಕೋಶದ ಕಲ್ಲನ್ನೋ ಕಿಡ್ನಿಯ ಕಲ್ಲನ್ನೋ ಹುಡುಕಲು ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದವರ ರಿಪೋರ್ಟಿನಲ್ಲಿ ‘ಲಿವರ್‌ನಲ್ಲಿ ಸಿಂಪಲ್ ಸಿಸ್ಟ್’ ಎಂಬ ಸಾಲು ಕಂಡರೆ ಎದೆ ಧಸಕ್ಕೆನ್ನುವುದು ಸಹಜ. ಆದರೆ ಇದು ತೆಳು ಗೋಡೆಯ, ತಿಳಿದ್ರವ ತುಂಬಿದ ಒಂದು ಚೀಲ, ಅಷ್ಟೇ. ಭ್ರೂಣದಲ್ಲಿ ಪಿತ್ತನಾಳಗಳು ಕವಲೊಡೆಯುವಾಗ ಯಾವುದೋ ಕಿರುಕವಲು ಉಳಿದ ನಾಳಗಳೊಡನೆ ಕೂಡದೆ ಉಳಿದುಬಿಡುತ್ತದೆ. ಅದರ ಒಳಪದರ ಸ್ರವಿಸುವ ದ್ರವಕ್ಕೆ ಹೊರದಾರಿ ಇರುವುದಿಲ್ಲ. ಹಾಗಾಗಿ ವರ್ಷಗಳ ಮೇಲೆ ಅದು ಮೆಲ್ಲಗೆ ಉಬ್ಬುತ್ತದೆ. ವಯಸ್ಸಾದವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಇದು ಹೆಚ್ಚು. ಅಲ್ಟ್ರಾಸೌಂಡ್‌ನಲ್ಲಿ ನೂರಕ್ಕೆ 3ರಿಂದ 5 ಮಂದಿಯಲ್ಲಿ ಕಾಣುವ ಇದು, ಸಿ.ಟಿ. ಸ್ಕ್ಯಾನ್‌ನ ಕೆಲವು ಅಧ್ಯಯನಗಳಲ್ಲಿ ನೂರಕ್ಕೆ 15ರ ಆಸುಪಾಸಿನಲ್ಲಿದೆ. ಯಂತ್ರದ ಕಣ್ಣು ಚುರುಕಾದಷ್ಟೂ ಲೆಕ್ಕ ಏರುತ್ತದೆ, ಏರಿದ್ದು ಕಾಯಿಲೆಯಲ್ಲ.

‘ಮುಂದೆ ಇದೇ ಕ್ಯಾನ್ಸರ್ ಆದರೆ?’ ಎಂಬ ಪ್ರಶ್ನೆ ಏಳುತ್ತದೆ. ಅಲ್ಟ್ರಾಸೌಂಡ್‌ನಲ್ಲಿ ಒಳಗೆಲ್ಲ ಅಚ್ಚ ಕಪ್ಪು, ನಯವಾದ ತೆಳು ಅಂಚು, ಹಿಂಬದಿಯಲ್ಲಿ ಹೆಚ್ಚಿದ ಬೆಳಕು: ಈ ಮೂರೂ ಇದ್ದು, ಒಳಗೆ ಅಡ್ಡಗೋಡೆಯಾಗಲಿ ಗಟ್ಟಿ ಭಾಗವಾಗಲಿ ಇಲ್ಲದಿದ್ದರೆ ಅದು ಸಿಂಪಲ್ ಸಿಸ್ಟ್ ಎಂದು ಹೇಳಲು ಬೇರೆ ಪರೀಕ್ಷೆ ಸಾಮಾನ್ಯವಾಗಿ ಬೇಕಿಲ್ಲ. ಇಂಥದ್ದು ಕ್ಯಾನ್ಸರ್ ಆಗುವುದು ತೀರಾ ಅಪರೂಪ. ಆದ್ದರಿಂದಲೇ ಲಕ್ಷಣಗಳಿಲ್ಲದವರಿಗೆ ಮತ್ತೆ ಮತ್ತೆ ಸ್ಕ್ಯಾನ್ ಬೇಡವೆಂದು ಯುರೋಪಿನ ಲಿವರ್ ತಜ್ಞರ ಸಂಘದ 2022ರ ಮಾರ್ಗಸೂಚಿ ಹೇಳಿದೆ. ‘ವರ್ಷಕ್ಕೊಮ್ಮೆ ನೋಡಿಸಿದರೆ ನಷ್ಟವೇನು?’ ಎನ್ನಬಹುದು. ನಷ್ಟ ಹಣದ್ದಷ್ಟೇ ಅಲ್ಲ. ಸಿ.ಟಿ.ಯಲ್ಲಿ ವಿಕಿರಣವಿದೆ. ಸಿ.ಎ. 19-9 ಎಂಬ ರಕ್ತಪರೀಕ್ಷೆ ಮಾಡಿಸಿದರೆ ನಿರುಪದ್ರವಿ ಗುಳ್ಳೆಯಲ್ಲೂ ಅದರ ಮಟ್ಟ ಏರಿರಬಹುದು; ಅಲ್ಲಿಗೆ ಇಲ್ಲದ ಕ್ಯಾನ್ಸರಿನ ಭಯ ಶುರು. ಸೂಜಿಯಿಂದ ನೀರನ್ನಷ್ಟೇ ತೆಗೆಸಿದರೆ, ಸ್ರವಿಸುವ ಪದರ ಉಳಿದಿರುವುದರಿಂದ ಗುಳ್ಳೆ ಸಾಮಾನ್ಯವಾಗಿ ಮತ್ತೆ ತುಂಬಿಕೊಳ್ಳುತ್ತದೆ.

ಹಾಗೆಂದು ಎಲ್ಲ ಸಿಸ್ಟ್‌ಗಳೂ ಒಂದೇ ಅಲ್ಲ. ದೊಡ್ಡ ಗುಳ್ಳೆ ಅಕ್ಕಪಕ್ಕ ಒತ್ತಿ ನೋವು, ತುಸು ತಿಂದರೂ ಹೊಟ್ಟೆ ತುಂಬಿದಂತಾಗುವುದು, ಅಪರೂಪಕ್ಕೆ ಕಾಮಾಲೆ ಉಂಟುಮಾಡಿದರೆ ಲ್ಯಾಪರೋಸ್ಕೋಪಿಯಿಂದ ಅದರ ಮೇಲ್ಗೋಡೆ ಕತ್ತರಿಸುತ್ತಾರೆ. ದಪ್ಪ ಗೋಡೆ, ಒಳಗೆ ಗಂಟು ಕಂಡರೆ ಎಂ.ಆರ್.ಐ. ಬೇಕಾಗಬಹುದು. ಹತ್ತಕ್ಕಿಂತ ಹೆಚ್ಚು ಗುಳ್ಳೆಗಳಿದ್ದರೆ ಕಿಡ್ನಿಯಲ್ಲೂ ಇವೆಯೇ, ಮನೆತನದಲ್ಲಿ ಯಾರಿಗಾದರೂ ಇತ್ತೇ ಎಂದು ವಿಚಾರಿಸಬೇಕು. ನಾಯಿಯ ಕರುಳಿನ ಲಾಡಿಹುಳುವಿನಿಂದ ಬರುವ ಹೈಡಾಟಿಡ್ ಗುಳ್ಳೆಯಂತೂ ಬೇರೆಯೇ ರೋಗ. ಅದು ಒಡೆದರೆ ಜೀವಕ್ಕೆ ಎರವಾಗುವಂಥ ಅಲರ್ಜಿ ಆಗಬಹುದು. ಕುರಿ ಸಾಕುವವರು, ನಾಯಿಗಳ ಒಡನಾಟವಿರುವವರು ಅದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಆದ್ದರಿಂದ ರಿಪೋರ್ಟ್ ಕೈಗೆ ಬಂದಾಗ ‘ಇದು ಸಿಂಪಲ್ ಸಿಸ್ಟೇ ಹೌದೇ, ಅನುಮಾನವೇನಾದರೂ ಇದೆಯೇ?’ ಎಂದು ಕೇಳಿ. ಹೌದೆಂದಾದರೆ, ನಿಮಗೆ ತೊಂದರೆಯೂ ಇಲ್ಲವಾದರೆ, ರಿಪೋರ್ಟನ್ನು ಜೋಪಾನವಾಗಿ ಎತ್ತಿಡಿ. ಚಿಂತೆಯನ್ನೂ ಮರುಸ್ಕ್ಯಾನನ್ನೂ ಬಿಡಿ.